ಸದ್ದು ತೆಗೆಯುವ ಮುನ್ನ ಒಮ್ಮೆ ಕೇಳಿಸಿಕೋ

ಮಗಾ, ಮದುವೆ ಸೀಸನ್ ಶುರುವಾಯಿತೆಂದರೆ ನಿನಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಇವತ್ತು ಪಾಂಡವಪುರದಲ್ಲಿ ಧಾರೆ, ನಾಳೆ ಕೆ.ಆರ್. ಪೇಟೆಯಲ್ಲಿ ಬೀಗರೂಟ, ನಾಡಿದ್ದು ನಾಗಮಂಗಲದ ಕಡೆ ಗೃಹಪ್ರವೇಶ. ಬೆಳಗೊಳಕ್ಕೆ ವಾಪಸ್ ಬಂದು ಕಂಪ್ಯೂಟರ್ ಮುಂದೆ ಕೂತರೆ ನೂರಾರು ತುಣುಕುಗಳು. ಜನರೇಟರಿನ ಗುರುಗುರು, ಅಡುಗೆಯವರ ಕೂಗಾಟ, ‘ಅಣ್ಣ, ಸ್ವಲ್ಪ ಈ ಕಡೆ ನೋಡಿ’ ಅನ್ನುವ ನಿನ್ನದೇ ದನಿ ಎಲ್ಲವೂ ಅದರೊಳಗಿರುತ್ತವೆ. ‘ಇಷ್ಟೂ ಕ್ಲಿಪ್ಪಿನ ಆಡಿಯೋ ಒಂದೇ ಸಲಕ್ಕೆ ತೆಗೆಯೋದು ಹೆಂಗೆ?’ ಎಂದು ನೀನು ಕೇಳುವುದರಲ್ಲಿ ತಪ್ಪೇನಿಲ್ಲ. ತೆಗೆಯುವುದು ಹೇಗೆಂದು ಮೊದಲು ಹೇಳುತ್ತೇನೆ. ಯಾವುದನ್ನು ತೆಗೆಯಬಾರದೆಂದು ಆಮೇಲೆ ಹೇಳುತ್ತೇನೆ. ಎರಡನೆಯದನ್ನು ಮಾತ್ರ ಮರೆಯಬೇಡ.

ಪ್ರೀಮಿಯರ್ ಪ್ರೊದಲ್ಲಿ ಎಲ್ಲ ಕ್ಲಿಪ್ಪುಗಳನ್ನೂ ಆಯ್ದುಕೊಂಡು ಮೌಸಿನ ಬಲಗುಂಡಿ ಒತ್ತಿ ‘ಅನ್‌ಲಿಂಕ್’ ಆಯ್ದುಕೋ. ಖಾಲಿ ಜಾಗದಲ್ಲಿ ಒಮ್ಮೆ ಒತ್ತಿ ಆಯ್ಕೆ ಬಿಡಿಸು. ಆಮೇಲೆ ಕೆಳಗಿನ ಆಡಿಯೋ ಪಟ್ಟಿಯನ್ನಷ್ಟೇ ಮೌಸಿನಿಂದ ಸುತ್ತುಗಟ್ಟಿ ಡಿಲೀಟ್ ಮಾಡು. ಅನ್‌ಲಿಂಕ್ ಮಾಡದೆ ಡಿಲೀಟ್ ಒತ್ತಿದರೆ ಆಡಿಯೋ ಜೊತೆಗೆ ಚಿತ್ರವೂ ಹೋಗುತ್ತದೆ. ಅದಕ್ಕಿಂತ ಚುರುಕಾದ ದಾರಿ ಆಲ್ಟ್ ಕೀ. ಅದನ್ನು ಒತ್ತಿ ಹಿಡಿದು ಆಯ್ದರೆ ಆಡಿಯೋ ಮಾತ್ರ ಕೈಗೆ ಸಿಗುತ್ತದೆ, ಲಿಂಕ್ ಬಿಡಿಸುವ ಗೋಜೇ ಇಲ್ಲ. ಡಾವಿಂಚಿ ರಿಸಾಲ್ವ್‌ನಲ್ಲೂ ಆಲ್ಟ್ ಕೀ ಇದೇ ಕೆಲಸ ಮಾಡುತ್ತದೆ.

ಆದರೆ ಕೈಗೆ ಸಿಕ್ಕಿತೆಂದು ಅಳಿಸಲು ಹೋಗಬೇಡ. ಆಯ್ದ ಆಡಿಯೋದ ಮೇಲೆ ಬಲಗುಂಡಿ ಒತ್ತಿ ‘ಎನೇಬಲ್’ ಮುಂದಿನ ಟಿಕ್ ತೆಗೆ. ಸದ್ದು ಮಲಗುತ್ತದೆ, ಸಾಯುವುದಿಲ್ಲ. ಇಡೀ ಟ್ರ್ಯಾಕೇ ಬೇಡವೆಂದರೆ ಅದರ ತಲೆಯ ಬಳಿ ಇರುವ ‘ಎಂ’ ಗುಂಡಿ ಒತ್ತಿದರೆ ಸಾಕು. ಲಿಂಕ್ ಉಳಿದಿದ್ದರೆ ಇನ್ನೊಂದು ಅನುಕೂಲ: ಚಿತ್ರ ಒಂದು ಕಡೆ, ಮಾತು ಒಂದು ಕಡೆ ಸರಿದರೆ ಎಷ್ಟು ಫ್ರೇಮ್ ತಪ್ಪಿದೆ ಎಂದು ಪ್ರೀಮಿಯರ್ ಕೆಂಪು ಗುರುತಿನಲ್ಲಿ ತೋರಿಸುತ್ತದೆ. ಲಿಂಕ್ ಬಿಡಿಸಿದ ಮೇಲೆ ಆ ಎಚ್ಚರಿಕೆಯೂ ಇರುವುದಿಲ್ಲ. ನಾಳೆ ಮನೆಯವರು ಬಂದು ‘ತಾಳಿ ಕಟ್ಟುವಾಗಿನ ಓಲಗ ಬೇಕು’ ಎಂದರೆ ಅಳಿಸಿದ್ದನ್ನು ಹುಡುಕಿ ಕೂಡಿಸುವಷ್ಟರಲ್ಲಿ ರಾತ್ರಿಯೆಲ್ಲ ಕಳೆಯುತ್ತದೆ.

ಈಗ ಎರಡನೆಯ ಮಾತು.

ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲದಲ್ಲಿ ಆಡಿಯೋ ಡಬ್ ಎಂಬ ಗುಂಡಿಯಿತ್ತು. ಅದನ್ನು ಒತ್ತಿದರೆ ಟೇಪಿನ ಅಂಚಿನಲ್ಲಿದ್ದ ಸದ್ದಿನ ಪಟ್ಟಿಯ ಮೇಲೆ ಸಿನಿಮಾ ಹಾಡು ಬಂದು ಕೂರುತ್ತಿತ್ತು, ಕೆಳಗಿದ್ದದ್ದು ಮತ್ತೆ ಸಿಗುತ್ತಿರಲಿಲ್ಲ. ಈಗ ಆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಲು ಜನ ಬರುತ್ತಾರೆ. ತೀರಿಹೋದ ಅಜ್ಜಿ ಅರಿಶಿನದ ಶಾಸ್ತ್ರದಲ್ಲಿ ಸೋಬಾನೆ ಹೇಳುತ್ತಿರುವುದು ಪರದೆಯ ಮೇಲೆ ಕಾಣುತ್ತದೆ. ಬಾಯಿ ಆಡುತ್ತದೆ, ಕೇಳುವುದು ಮಾತ್ರ ಆ ವರ್ಷ ಓಡಿದ ಯಾವುದೋ ಪಿಚ್ಚರಿನ ಹಾಡು. ‘ಅಜ್ಜಿ ದನಿ ಬರೋ ಹಂಗೆ ಮಾಡಕ್ಕಾಗಲ್ವಾ?’ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಆಗುವುದಿಲ್ಲ ಕಣಪ್ಪ. ಆ ಹಾಡು ಬೇಕೆಂದರೆ ಫೋನಿನಲ್ಲಿ ಕ್ಷಣಕ್ಕೆ ಸಿಗುತ್ತದೆ. ಆ ಅಜ್ಜಿ ಹೇಳಿದ ಪದ ಮಾತ್ರ ಇನ್ನೆಲ್ಲೂ ಸಿಗುವುದಿಲ್ಲ.

ನಿನ್ನ ಕಾಲಕ್ಕೆ ಆ ಕಷ್ಟವಿಲ್ಲ. ಟೈಮ್‌ಲೈನಿನಲ್ಲಿ ಏನನ್ನು ಅಳಿಸಿದರೂ ಮೂಲ ಫೈಲಿಗೆ ಏನೂ ಆಗುವುದಿಲ್ಲ. ಸದ್ದು ನಿಜವಾಗಿ ಹೋಗುವುದು ಹಾಡು ತುಂಬಿದ ಒಂದೇ ಒಂದು ಫೈಲನ್ನು ಮನೆಯವರ ಕೈಗಿಟ್ಟು, ಮುಂದಿನ ಮದುವೆಗೆಂದು ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿದಾಗ.

ಹಾಗೆಂದು ಜನರೇಟರಿನ ಸದ್ದನ್ನೂ ಉಳಿಸು ಎನ್ನುತ್ತಿಲ್ಲ. ಮೊರದಲ್ಲಿ ಕೇರುವವರು ಹೊಟ್ಟನ್ನು ಹಾರಿಸುತ್ತಾರೆ, ಕಾಳನ್ನು ಚೆಲ್ಲುವುದಿಲ್ಲ. ನೀನೂ ಒಂದು ಸಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎಲ್ಲ ತುಣುಕುಗಳನ್ನೂ ಕೇಳು. ಗಟ್ಟಿಮೇಳ, ಸೋಬಾನೆ, ಧಾರೆ ಎರೆಯುವಾಗಿನ ಮಂತ್ರ, ಹೆಣ್ಣು ಕಳಿಸಿಕೊಡುವಾಗ ಅಪ್ಪ ಹೇಳುವ ನಾಲ್ಕು ಮಾತು, ಹಿರಿಯರ ಆಶೀರ್ವಾದ, ಇವು ಕೇಳಿಸಿದ ಕಡೆಯಲ್ಲೆಲ್ಲ ಕ್ಲಿಪ್ಪಿಗೆ ಬೇರೆ ಬಣ್ಣ ಕೊಡು. ಬಣ್ಣ ಬಿದ್ದದ್ದನ್ನು ಮುಟ್ಟಬೇಡ, ಉಳಿದದ್ದನ್ನು ಒಟ್ಟಿಗೆ ಆಯ್ದು ಮಲಗಿಸು. ಮೇಲುಕೋಟೆಯ ವೈರಮುಡಿ ಉತ್ಸವ ಚಿತ್ರಿಸಲು ಹೋದಾಗಲೂ ಇದೇ ಲೆಕ್ಕ. ಚೆಲುವನಾರಾಯಣ ಕಿರೀಟ ತೊಟ್ಟು ಹೊರಬಂದಾಗ ಬೀದಿ ತುಂಬ ಏಳುವ ‘ಗೋವಿಂದ, ಗೋವಿಂದ’ ಎಂಬ ಕೂಗನ್ನು ತೆಗೆದು ಅಲ್ಲಿ ಕೊಳಲು ಹಾಕಿದರೆ, ಬಂದ ಭಕ್ತರನ್ನೇ ಹೊರಗೆ ನಿಲ್ಲಿಸಿದ ಹಾಗೆ. ಸಾಲದ್ದಕ್ಕೆ, ಇಂಥ ವಿಡಿಯೋಗೆ ಸಿನಿಮಾ ಹಾಡು ಸೇರಿಸಿ ಯೂಟ್ಯೂಬಿಗೆ ಹಾಕಿದರೆ ಹಾಡಿನ ಹಕ್ಕಿರುವವರಿಂದ ಕ್ಲೇಮ್ ಬರಬಹುದು.

ಮಾತು ಬೇಡವೆಂದು ಎಲ್ಲ ಸದ್ದನ್ನೂ ತೆಗೆಯಬೇಕಾಗಿಲ್ಲ ಎನ್ನುವುದಕ್ಕೆ ನಮ್ಮ ಕನ್ನಡದಲ್ಲೇ ಪಾಠವಿದೆ. 1987ರ ‘ಪುಷ್ಪಕ ವಿಮಾನ’ವನ್ನು ನೋಡು. ಶೃಂಗಾರ್ ನಾಗರಾಜ್ ನಿರ್ಮಿಸಿ, ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶಿಸಿದ ಚಿತ್ರ ಅದು. ಪಾತ್ರಗಳು ಒಂದು ಮಾತೂ ಆಡುವುದಿಲ್ಲ, ಆದರೂ ಚಿತ್ರ ಮೂಕವಲ್ಲ. ಚಿತ್ರಮಂದಿರದ ಪಕ್ಕದ ಗಲಾಟೆಯಲ್ಲಿ ಮಲಗಿ ರೂಢಿಯಾದ ನಾಯಕನಿಗೆ ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆಯೇ ಹತ್ತುವುದಿಲ್ಲ. ಹಳೆಯ ಜಾಗಕ್ಕೆ ಹೋಗಿ ಆ ಗಲಾಟೆಯನ್ನು ಟೇಪಿನಲ್ಲಿ ಹಿಡಿದು ತಂದು, ಹಾಕಿಕೊಂಡು ಮಲಗುತ್ತಾನೆ. ಎಡಿಟಿಂಗ್ ಕಲಿಯುವವರು ಆ ಚಿತ್ರವನ್ನು ಕಿವಿಯಿಂದಲೂ ನೋಡಬೇಕು.

ಹಾಡು ಬೇಕೇಬೇಕು ಎಂದು ಮನೆಯವರು ಹೇಳಿದ ಕಡೆಗೂ ಸ್ಥಳದ ಸದ್ದನ್ನು ಪೂರ್ತಿ ಕೊಲ್ಲಬೇಡ. ಆ ಕ್ಲಿಪ್ಪುಗಳನ್ನೆಲ್ಲ ಆಯ್ದು ಪ್ರೀಮಿಯರಿನಲ್ಲಿ ‘ಜಿ’ ಕೀ ಒತ್ತಿ, ಗೇನ್ ಹೊಂದಿಸುವ ಜಾಗದಲ್ಲಿ ಮೈನಸ್ 20 ಡೆಸಿಬೆಲ್ ಹಾಕು. ಎಲ್ಲದರ ಸದ್ದೂ ಒಂದೇ ಏಟಿಗೆ ಇಳಿಯುತ್ತದೆ. ಹಾಡಿನ ಕೆಳಗೆ ಬಳೆ ಸದ್ದು, ನಗು, ಮಕ್ಕಳ ಗದ್ದಲ ತೆಳ್ಳಗೆ ಕೇಳುತ್ತಿದ್ದರೆ ಚಿತ್ರಕ್ಕೆ ಜೀವ ಬರುತ್ತದೆ. ಕಾವೇರಿ ದಂಡೆಯಲ್ಲಿ ಮೈಕಿಗೆ ಗಾಳಿ ಬಡಿದು ಬೊರ್ರೆನ್ನುವ ಕಡೆ 80ರಿಂದ 100 ಹರ್ಟ್ಜ್ ಕೆಳಗಿನದನ್ನು ಫಿಲ್ಟರ್ ಹಾಕಿ ಕತ್ತರಿಸಿದರೆ ಮಾತು ಬಹಳಷ್ಟು ತಿಳಿಯಾಗುತ್ತದೆ. ಡ್ರೋನಿನ ಚಿತ್ರಗಳಿಗೆ ಸಾಮಾನ್ಯವಾಗಿ ಸದ್ದೇ ಇರುವುದಿಲ್ಲ. ಅದಕ್ಕಾಗಿ ಚಪ್ಪರದ ಮೂಲೆಯಲ್ಲಿ ನಿಂತು ಒಂದು ನಿಮಿಷ ಬರೀ ಸದ್ದನ್ನು ಫೋನಿನಲ್ಲಿ ಹಿಡಿದುಕೋ. ಅದು ಎಡಿಟಿಂಗಿನಲ್ಲಿ ಹತ್ತು ಕಡೆ ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ, ಕೆಲಸ ಒಪ್ಪಿಸುವ ದಿನ ಪೆನ್‌ಡ್ರೈವಿನಲ್ಲಿ ಎರಡು ಫೋಲ್ಡರ್ ಕೊಡು. ಒಂದರಲ್ಲಿ ಹಾಡು ಹಾಕಿದ ಚಿತ್ರ, ಇನ್ನೊಂದರಲ್ಲಿ ನೀನು ಬಣ್ಣ ಕೊಟ್ಟು ಉಳಿಸಿದ ತುಣುಕುಗಳು, ಮೂಲ ಸದ್ದಿನ ಸಮೇತ. ಮೇಲೆ ‘ಹಿರಿಯರ ದನಿ’ ಎಂದು ಕನ್ನಡದಲ್ಲೇ ಬರೆ. ಅದಕ್ಕೆ ಬೇರೆ ದುಡ್ಡು ಕೇಳಬೇಡ. ಮೂಲ ಫೈಲುಗಳನ್ನು ಅಳಿಸುವ ಮುನ್ನ ಒಂದು ಫೋನ್ ಮಾಡಿ, ‘ಹಾರ್ಡ್ ಡಿಸ್ಕ್ ತಂದರೆ ಪೂರ್ತಿ ಹಾಕಿಕೊಡ್ತೀನಿ, ಬೇಕಾ?’ ಎಂದು ಕೇಳು. ಹತ್ತರಲ್ಲಿ ಎಂಟು ಮನೆಯವರು ಬೇಡವೆನ್ನಬಹುದು. ಬೇಕೆನ್ನುವ ಮನೆಯವರಿಗೋಸ್ಕರವಾದರೂ ಕೇಳು ಮಗಾ.