ಫ್ಯಾಂಟಮ್, ಮ್ಯಾಂಡ್ರೇಕ್ ಎಂದಾದರೂ ತಂಡ ಕಟ್ಟಿದ್ದರೇ?

ಪ್ರಶ್ನೆ: ಚಿಕ್ಕವನಿದ್ದಾಗ ಇಂದ್ರಜಾಲ ಕಾಮಿಕ್ಸ್ ಅಂದರೆ ಊಟ-ನಿದ್ದೆ ಬಿಡುತ್ತಿದ್ದೆ. ಫ್ಯಾಂಟಮ್, ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ಬಹಾದ್ದೂರ್ ಎಲ್ಲರೂ ಅದರಲ್ಲೇ ಬರುತ್ತಿದ್ದರು. ಈಗ ಮೊಮ್ಮಗ ಅವೆಂಜರ್ಸ್ ಸಿನಿಮಾ ತೋರಿಸಿ, ‘ನಿಮ್ಮ ಹೀರೋಗಳು ಯಾಕೆ ಹಿಂಗ ಒಂದಾಗಲಿಲ್ಲ ತಾತಾ?’ ಅಂತ ಕೇಳುತ್ತಾನೆ. ಅವರು ಎಂದಾದರೂ ಒಂದಾಗಿದ್ದರೇ?
– ಓದುಗರೊಬ್ಬರು, ಶಹಾಬಾದ

ಉತ್ತರ: ಆಗಿದ್ದರು. ಆದರೆ ನೀವು ಓದಿದ ಇಂದ್ರಜಾಲದಲ್ಲಿ ಅಲ್ಲ. ಅಮೆರಿಕದಲ್ಲಿ, 1986ರಲ್ಲಿ, ಅದೂ ಟಿ.ವಿ. ಕಾರ್ಟೂನಿಗಾಗಿ. ಆ ತಂಡದ ಹೆಸರು ‘ಡಿಫೆಂಡರ್ಸ್ ಆಫ್ ದಿ ಅರ್ತ್’. ಫ್ಲ್ಯಾಶ್ ಗಾರ್ಡನ್, ಫ್ಯಾಂಟಮ್, ಮ್ಯಾಂಡ್ರೇಕ್, ಅವನ ಜೊತೆಗಾರ ಲೋಥಾರ್ ನಾಲ್ವರೂ ಅದರಲ್ಲಿದ್ದರು. ಕಥೆ ನಡೆಯುವುದು ಆಗ ಬಲು ದೂರವೆನಿಸಿದ್ದ 2015ರಲ್ಲಿ. ಮಂಗೋ ಗ್ರಹದ ಮಿಂಗ್ ತನ್ನ ಗ್ರಹವನ್ನು ಬರಿದು ಮಾಡಿಕೊಂಡು ಭೂಮಿಯ ಮೇಲೆ ಕಣ್ಣು ಹಾಕುತ್ತಾನೆ. ಅವನನ್ನು ತಡೆಯಲು ಇವರೆಲ್ಲ ಸೇರುತ್ತಾರೆ; ಮುಂದಿನ ಪೀಳಿಗೆಯವರಾದ ರಿಕ್, ಜೆಡ್ಡಾ, ಎಲ್‌.ಜೆ., ಕ್ಷಿನ್ ಕೂಡ ಕೈಜೋಡಿಸುತ್ತಾರೆ. ಒಟ್ಟು 65 ಕಂತು ಬಂದವು. ಶೀರ್ಷಿಕೆ ಗೀತೆ ಬರೆದವರು ಮೊಮ್ಮಗನಿಗೂ ಗೊತ್ತಿರುವ, ಮಾರ್ವೆಲ್‌ನ ಸ್ಟಾನ್ ಲೀ. 1987ರಲ್ಲಿ ಮಾರ್ವೆಲ್ ಸಂಸ್ಥೆ ತನ್ನ ಮಕ್ಕಳ ವಿಭಾಗವಾದ ಸ್ಟಾರ್ ಕಾಮಿಕ್ಸ್‌ನಿಂದ ಇದೇ ತಂಡದ ಕಾಮಿಕ್ಸ್ ಹೊರತಂದಿತು. ನಾಲ್ಕೇ ಸಂಚಿಕೆಗೆ ಅದು ನಿಂತುಹೋಯಿತು.

ಆ ಕಾರ್ಟೂನ್ ನೋಡಿದರೆ ನಿಮಗೆ ಹಿಡಿಸುತ್ತದೆ ಅಂತ ನಾನು ಹೇಳಲಾರೆ. ಫ್ಯಾಂಟಮ್‌ನ ಸೊಗಸು ಇದ್ದದ್ದೇ ಅವನಿಗೆ ಯಾವ ಅತಿಮಾನುಷ ಶಕ್ತಿಯೂ ಇಲ್ಲ ಎಂಬುದರಲ್ಲಿ. ತಲೆತಲಾಂತರದಿಂದ ಅಪ್ಪನ ಮುಖವಾಡವನ್ನು ಮಗ ಹಾಕಿಕೊಳ್ಳುತ್ತಾನೆ; ಜನ ಅವನಿಗೆ ಸಾವಿಲ್ಲ ಅಂದುಕೊಳ್ಳುತ್ತಾರೆ, ಅಷ್ಟೇ. ಕಾರ್ಟೂನಿನಲ್ಲಾದರೋ ಅವನು ಮಂತ್ರದಂಥ ಮಾತು ಹೇಳಿ ಹತ್ತು ಹುಲಿಗಳ ಬಲ ಬರಿಸಿಕೊಳ್ಳುತ್ತಾನೆ. ಹುಲಿಯ ಬಲ ಬಂತು, ಫ್ಯಾಂಟಮ್ ಹೋದ.

ಅದಕ್ಕೂ ಮೊದಲು ಇವರು ಯಾಕೆ ಸೇರಲಿಲ್ಲ? ಇವರೆಲ್ಲ ಹುಟ್ಟಿದ್ದು ದಿನಪತ್ರಿಕೆಯ ಚಿತ್ರಪಟ್ಟಿಗಳಲ್ಲಿ. ಅಲೆಕ್ಸ್ ರೇಮಂಡ್‌ನ ಫ್ಲ್ಯಾಶ್ ಗಾರ್ಡನ್ 1934ರ ಜನವರಿಯಲ್ಲಿ ಬಂದ, ಮ್ಯಾಂಡ್ರೇಕ್ ಅದೇ ವರ್ಷದ ಜೂನ್‌ನಲ್ಲಿ, ಫ್ಯಾಂಟಮ್ 1936ರ ಫೆಬ್ರುವರಿಯಲ್ಲಿ. ಮೂವರ ಒಡೆತನವೂ ಕಿಂಗ್ ಫೀಚರ್ಸ್ ಎಂಬ ಒಂದೇ ಸಂಸ್ಥೆಯದು. ಆದರೆ ಆ ಸಂಸ್ಥೆ ಒಂದೊಂದು ಪಟ್ಟಿಯನ್ನೂ ಬೇರೆ ಬೇರೆಯಾಗಿ ಪತ್ರಿಕೆಗಳಿಗೆ ಮಾರುತ್ತಿತ್ತು. ಒಂದು ಊರಿನ ಪತ್ರಿಕೆ ಫ್ಯಾಂಟಮ್ ಮಾತ್ರ ಕೊಂಡಿದ್ದರೆ ಅದರ ಓದುಗನಿಗೆ ಮ್ಯಾಂಡ್ರೇಕ್ ಯಾರೋ ಏನೋ. ಅಂಥವನ ಮುಂದೆ ಇಬ್ಬರನ್ನೂ ಕೂಡಿಸಿ ವರ್ಷಗಟ್ಟಲೆ ಕಥೆ ನಡೆಸಿ ಯಾರಿಗೆ ಲಾಭ? ಫ್ಯಾಂಟಮ್ ಮತ್ತು ಮ್ಯಾಂಡ್ರೇಕ್ ಇಬ್ಬರನ್ನೂ ಸೃಷ್ಟಿಸಿದವನು ಲೀ ಫಾಕ್ ಒಬ್ಬನೇ. 1999ರಲ್ಲಿ ತೀರಿಕೊಳ್ಳುವ ತನಕ ಎರಡನ್ನೂ ಬರೆದ. ಅಂಥವನೂ 1977ರಲ್ಲಿ ಫ್ಯಾಂಟಮ್-ಡಯಾನಾ ಮದುವೆಗೆ ಮ್ಯಾಂಡ್ರೇಕ್, ಲೋಥಾರ್ ಇಬ್ಬರನ್ನೂ ಅತಿಥಿಗಳಾಗಿ ಕರೆಸಿದನೇ ಹೊರತು ತಂಡ ಕಟ್ಟಲು ಹೋಗಲಿಲ್ಲ.

ತಂಡ ಕಟ್ಟುವ ಚಾಳಿ ಕಾಮಿಕ್ ಪುಸ್ತಕದವರದು. ಅದರ ಮೂಲಪುರುಷ ‘ಜಸ್ಟಿಸ್ ಸೊಸೈಟಿ ಆಫ್ ಅಮೆರಿಕ’. 1940ರ ಚಳಿಗಾಲದಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ನ ಮೂರನೇ ಸಂಚಿಕೆಯಲ್ಲಿ ಕಾಣಿಸಿಕೊಂಡಿತು. ಅಲ್ಲಿ ಯಾರೂ ಹೆಗಲಿಗೆ ಹೆಗಲು ಕೊಟ್ಟು ಹೊಡೆದಾಡಲಿಲ್ಲ. ವೀರರೆಲ್ಲ ಒಂದು ಮೇಜಿನ ಸುತ್ತ ಊಟಕ್ಕೆ ಕೂತು, ಒಬ್ಬೊಬ್ಬರಾಗಿ ತಂತಮ್ಮ ಸಾಹಸ ಹೇಳುತ್ತಾರೆ. ನಮ್ಮ ಕಟ್ಟೆಯ ಮೇಲಿನ ಹರಟೆಯ ಹಾಗೆ! ಬಿಡಿಬಿಡಿ ಕಥೆಗಳನ್ನು ಒಂದೇ ದಾರದಲ್ಲಿ ಪೋಣಿಸಿ ಮಾರುವ ಜಾಣತನ ಅದು. ಒಬ್ಬ ವೀರನ ಹೆಸರಿನಲ್ಲೇ ಬೇರೆ ಪುಸ್ತಕ ಶುರುವಾಯಿತೆಂದರೆ ಅವನನ್ನು ‘ಗೌರವ ಸದಸ್ಯ’ ಅಂತ ಮಾಡಿ ಬಾಗಿಲಾಚೆ ಕಳಿಸುತ್ತಿದ್ದರು. ಫ್ಲ್ಯಾಶ್ (ಇವನು ಬೇರೆ, ಗಾರ್ಡನ್ ಅಲ್ಲ) ಹಾಗೇ ಹೊರಬಿದ್ದ. ಸಪ್ಪೆಯಾದ ಮಾಲಿಗೆ ಜಾಗ ಕೊಟ್ಟು ಮೇಲೆತ್ತುವುದು ತಂಡದ ಕೆಲಸವಾಗಿತ್ತು. ಮುಂದೆ 1960ರಲ್ಲಿ ಅದೇ ಪ್ರಕಾಶಕರ ಮನೆಯಿಂದ ಜಸ್ಟಿಸ್ ಲೀಗ್ ಬಂತು. ಅದರ ಮಾರಾಟ ನೋಡಿ ಮಾರ್ವೆಲ್ 1961ರಲ್ಲಿ ಫೆಂಟಾಸ್ಟಿಕ್ ಫೋರ್ ತಂದಿತು, 1963ರಲ್ಲಿ ಅವೆಂಜರ್ಸ್ ಮತ್ತು ಎಕ್ಸ್-ಮೆನ್. ಮೊಮ್ಮಗನಿಗೆ ಒಂದು ಮರುಪ್ರಶ್ನೆ ಹಾಕಿ: ಅವೆಂಜರ್ಸ್ ಮೊದಲ ಸಂಚಿಕೆಯಲ್ಲಿ ಕ್ಯಾಪ್ಟನ್ ಅಮೆರಿಕ ಇದ್ದನೇ? ಇರಲಿಲ್ಲ. ಅವನು ಬಂದದ್ದು ನಾಲ್ಕನೆಯದರಲ್ಲಿ, ಅಷ್ಟೊತ್ತಿಗೆ ಹಲ್ಕ್ ಜಗಳ ತೆಗೆದು ಹೊರಟುಹೋಗಿದ್ದ.

ಇನ್ನು ನಿಮ್ಮ ಇಂದ್ರಜಾಲ. ಟೈಮ್ಸ್ ಆಫ್ ಇಂಡಿಯಾ ಬಳಗ ಅದನ್ನು ಬೊಂಬಾಯಿಯಿಂದ 1964ರ ಮಾರ್ಚ್‌ನಲ್ಲಿ ಶುರುಮಾಡಿತು. ಮೊದಲ ಕಥೆ ಫ್ಯಾಂಟಮ್‌ನ ಬೆಲ್ಟಿನದು. ಮೊದಲ 32 ಸಂಚಿಕೆ ಬರೀ ಫ್ಯಾಂಟಮ್. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕಿರ್ಬಿ, ಬಜ್ ಸಾಯರ್ ಸರದಿಯ ಮೇಲೆ ಬಂದರು. ತಿಂಗಳಿಗೊಂದು ಇದ್ದದ್ದು ಮುಂದೆ ವಾರಪತ್ರಿಕೆಯೇ ಆಯಿತು. 1990ರಲ್ಲಿ ಬಾಗಿಲು ಹಾಕುವ ಹೊತ್ತಿಗೆ 803 ಸಂಚಿಕೆ ಆಗಿದ್ದವು. ಇಂಗ್ಲಿಷ್, ಹಿಂದಿ, ಮರಾಠಿಯಷ್ಟೇ ಅಲ್ಲದೆ ಕನ್ನಡದಲ್ಲೂ ಬರುತ್ತಿತ್ತು. ಬೊಂಬಾಯಿ-ಮದ್ರಾಸ್ ರೈಲುದಾರಿಯ ಮೇಲಿರುವ ನಿಮ್ಮೂರಲ್ಲಿ, ಪಕ್ಕದ ವಾಡಿ ಜಂಕ್ಷನ್ನಿನಲ್ಲಿ, ಕನ್ನಡದ ಜೊತೆಗೇ ಹಿಂದಿ, ಮರಾಠಿ ಓದುವವರೂ ಇರುವುದರಿಂದ ನೀವು ಹಿಡಿದದ್ದು ಯಾವ ಭಾಷೆಯದೋ. ಕನ್ನಡದಲ್ಲಿ ಫ್ಯಾಂಟಮ್ ‘ಸುಧಾ’ ವಾರಪತ್ರಿಕೆಯಲ್ಲೂ ಬರುತ್ತಿದ್ದನಲ್ಲ, ಅದು ನೆನಪಿರಬೇಕು. ಇಂದ್ರಜಾಲದವರು ತಮ್ಮ ಕೈಚಳಕವನ್ನೂ ತೋರಿಸಿದರು: ಫ್ಯಾಂಟಮ್‌ನ ದೇಶದ ಹೆಸರು ನಮ್ಮ ಬಂಗಾಳದ ಹೆಸರಿಗೆ ಹತ್ತಿರವಾಗಿದ್ದುದರಿಂದ ಅದನ್ನು ‘ಡೆಂಕಾಲಿ’ ಮಾಡಿದರು. ಹಾಗಾಗಿ ಅಮೆರಿಕದ ಓದುಗನಿಗೆ ಡೆಂಕಾಲಿ ಅಂದರೆ ಅರ್ಥವಾಗದು.

ಅಂದರೆ ನಮ್ಮಲ್ಲಿ ಇವರು ಕೂಡಿದ್ದು ಒಂದೇ ಪುಸ್ತಕಮಾಲೆಯಲ್ಲಿ, ಒಂದೇ ತಂಡದಲ್ಲಲ್ಲ. ಇಂದ್ರಜಾಲದಲ್ಲಿ ನಿಜವಾದ ತಂಡ ಇದ್ದದ್ದು ಬಹಾದ್ದೂರ್‌ನ ಹತ್ತಿರ. ಆಬಿದ್ ಸುರ್ತಿ ಅವನನ್ನು 1976ರಲ್ಲಿ ಸೃಷ್ಟಿಸಿದರು, ಚಿತ್ರ ಗೋವಿಂದ ಬ್ರಾಹ್ಮಣಿಯಾ ಅವರದು. ಕುರ್ತಾದ ಕೆಳಗೆ ಜೀನ್ಸ್ ತೊಟ್ಟ ಹುಡುಗ. ಅಪ್ಪ ಚಂಬಲ್ ಕಣಿವೆಯ ಡಕಾಯಿತ. ಆ ಅಪ್ಪನನ್ನು ಕೊಂದ ಪೊಲೀಸ್ ಅಧಿಕಾರಿಯೇ ಇವನನ್ನು ಸಾಕಿ ಬೆಳೆಸುತ್ತಾನೆ. ದೊಡ್ಡವನಾದ ಮೇಲೆ ಬಹಾದ್ದೂರ್ ಡಕಾಯಿತರನ್ನು ಎದುರಿಸಲು ಊರ ಜನರನ್ನೇ ಸೇರಿಸಿ ‘ನಾಗರಿಕ ಸುರಕ್ಷಾ ದಳ’ ಕಟ್ಟುತ್ತಾನೆ. ಮುಖವಾಡವಿಲ್ಲ, ಮಾಯೆಯಿಲ್ಲ. ನನ್ನ ಕೇಳಿದರೆ ಮಿಂಗ್‌ನ ವಿರುದ್ಧ ನಿಂತ ನಾಲ್ವರಿಗಿಂತ ಈ ದಳವೇ ಗಟ್ಟಿ. ಮೊಮ್ಮಗನಿಗೆ ಅವೆಂಜರ್ಸ್ ಥರದ್ದೇ ದೇಸಿ ಮಾಲು ಬೇಕೆಂದರೆ ಹಿಂದಿಯ ರಾಜ್ ಕಾಮಿಕ್ಸ್ ಇದೆ. 1986ರಲ್ಲಿ ಬಂದ ನಾಗರಾಜ, 1987ರ ಸೂಪರ್ ಕಮಾಂಡೋ ಧ್ರುವ ಮೊದಲಾದವರನ್ನು ಅವರು ‘ಬ್ರಹ್ಮಾಂಡ ರಕ್ಷಕ’ ಎಂಬ ಹೆಸರಿನಡಿ ಕೂಡಿಸಿದ್ದಾರೆ. ಇಂಗ್ಲಿಷ್ ಓದುವವನಾದರೆ ಡೈನಮೈಟ್ ಸಂಸ್ಥೆಯ ‘ಕಿಂಗ್ಸ್ ವಾಚ್’ ಹುಡುಕಿಕೊಡಿ: ಫ್ಯಾಂಟಮ್, ಮ್ಯಾಂಡ್ರೇಕ್, ಫ್ಲ್ಯಾಶ್ ಮೂವರೂ ಸೇರುವ ಐದು ಸಂಚಿಕೆಯ ಕಥೆ, 2013ರಲ್ಲಿ ಶುರುವಾದದ್ದು, ಕಾರ್ಟೂನಿಗಿಂತ ಎಷ್ಟೋ ಮೇಲು.

ಕೊನೆಗೊಂದು ಮಾತು. ನಿಮ್ಮ ಅಟ್ಟದ ಮೇಲೋ ಟ್ರಂಕಿನಲ್ಲೋ ಕನ್ನಡದ ಇಂದ್ರಜಾಲ ಒಂದೆರಡಾದರೂ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬೇಡಿ, ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆದು ದಾರ ಹಾಕಿ. ಮುಖಪುಟದ ಜೊತೆಗೆ ಸಂಖ್ಯೆ, ತಾರೀಖು, ಬೆಲೆ ಇರುವ ಪುಟದ ಫೋಟೊ ತೆಗೆದು ನಮಗೆ ಕಳಿಸಿಕೊಡಿ.