ಯೆಜ್ಡಿಯ ಕ್ರೋಮ್‌ಗೆ ತುಕ್ಕು ಹಿಡಿದರೆ

ಚಾಮರಾಜಪೇಟೆಯ ಓದುಗರೊಬ್ಬರ ಪ್ರಶ್ನೆ: ಅಪ್ಪನ ಯೆಜ್ಡಿಯ ಹ್ಯಾಂಡಲ್, ರಿಮ್‌ಗಳಿಗೆ ತುಕ್ಕು ಹಿಡಿದಿದೆ; ಮನೆಯಲ್ಲೇ ಹೊಳಪು ತರಿಸಬಹುದೇ?

ಖಂಡಿತ, ಬಹುಮಟ್ಟಿಗೆ. ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಮೂಲ ಭಾಗಗಳನ್ನು ಬಿಸಾಡಿ ಹೊಸ ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಓಡುವ ಮೊದಲು ಅವನ್ನು ಉಳಿಸಿಕೊಳ್ಳಲು ನೋಡಬೇಕು.

ಕ್ರೋಮ್ ಪದರ ಕೂದಲಿಗಿಂತ ತೆಳು. ಅದರ ಸೂಕ್ಷ್ಮ ರಂಧ್ರಗಳಿಂದ ತೇವ ಇಳಿದು, ಕೆಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಎಮರಿ ಪೇಪರ್ ಮುಟ್ಟಲೇಬಾರದು. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಬೇಕು. ಅದು ಕ್ರೋಮ್‌ಗಿಂತ ಮೆದು. ಆಮೇಲೆ ತೊಳೆದು, ಪೂರ್ತಿ ಒಣಗಿಸಿ, ವ್ಯಾಕ್ಸ್ ಪಾಲಿಶ್ ಹಚ್ಚಬೇಕು.

ಪದರವೇ ಎದ್ದು ಬಂದಿದ್ದರೆ ಎಷ್ಟು ಉಜ್ಜಿದರೂ ವ್ಯರ್ಥ, ಪ್ಲೇಟಿಂಗ್ ಅಂಗಡಿಗೇ ಕೊಡಬೇಕು. ಮನೆಯಲ್ಲಿ ಕ್ರೋಮ್ ಲೇಪನ ಮಾತ್ರ ಬೇಡವೇ ಬೇಡ: ಅದಕ್ಕೆ ಬಳಸುವ ಕ್ರೋಮಿಕ್ ಆಮ್ಲ ಕ್ಯಾನ್ಸರ್‌ಕಾರಕ.