ಕಿಸೆ ಚಿಕ್ಕದು, ಪವಾಯಿ ದೊಡ್ಡದು: ಲೆನ್ಸ್ ಆಯ್ಕೆಗೆ ಒಂಬತ್ತು ಸೂತ್ರಗಳು

ಕ್ಯಾಮೆರಾ ಕೊಂಡು ಆರು ತಿಂಗಳಾಗುವಷ್ಟರಲ್ಲಿ ಎಲ್ಲರನ್ನೂ ಕಾಡುವ ಪ್ರಶ್ನೆ: ಇನ್ನು ಯಾವ ಲೆನ್ಸ್? ಮುಂಬಯಿಯ ಪವಾಯಿಯಲ್ಲಿರುವವರಿಗೆ ಈ ಪ್ರಶ್ನೆ ಮೂರು ಪಟ್ಟು ಕಠಿಣ. 1891ರಲ್ಲಿ ಬ್ರಿಟಿಷರು ನಗರದ ನೀರಿಗಾಗಿ ಕಟ್ಟಿಸಿದ ಕೆರೆ ಮತ್ತು ಅದರಾಚೆಯ ಗುಡ್ಡಗಳು ಒಂದು ಕಡೆ. ಹಫೀಜ್ ಕಾಂಟ್ರಾಕ್ಟರ್ ವಿನ್ಯಾಸದ, ಕಂಬ-ಕಮಾನು ಹೊತ್ತ ಹೀರಾನಂದಾನಿ ಗೋಪುರಗಳು ಇನ್ನೊಂದು ಕಡೆ. ದಕ್ಷಿಣದ ಆಕಾಶದಲ್ಲಿ ಸಾಂತಾಕ್ರೂಜ್‌ಗೆ ಇಳಿಯುವ ವಿಮಾನಗಳ ಸಾಲು. ಮೂರಕ್ಕೂ ಮೂರು ದುಬಾರಿ ಲೆನ್ಸ್ ಬೇಕೆಂದು ಅಂಗಡಿಯವನು ಹೇಳುತ್ತಾನೆ. ಬೇಕಿಲ್ಲ. ಲೆನ್ಸ್ ಆರಿಸುವುದೆಂದರೆ ಮೊದಲು ನಿಲ್ಲುವ ಜಾಗ ಆರಿಸುವುದು. ಕೈಯಲ್ಲಿ ಎಪಿಎಸ್-ಸಿ ಸೆನ್ಸರಿನ ಸಾಧಾರಣ ಬಾಡಿ, ಜೊತೆಗೆ ಬಂದ 18-55 ಕಿಟ್ ಲೆನ್ಸ್ ಇದೆ ಎಂದುಕೊಂಡು ಮುಂದೆ ಓದಿ.

1. ಮೊದಲು ದೂರ ಅಳೆಯಿರಿ, ಆಮೇಲೆ ದುಡ್ಡು ಎಣಿಸಿ

ಲೆಕ್ಕ ಸುಲಭ. ವಸ್ತುವಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಗುಣಿಸಿ, ದೂರದಿಂದ ಭಾಗಿಸಿ. ಸೆನ್ಸರಿನ ಮೇಲೆ ಬೀಳುವ ಚಿತ್ರದ ಅಳತೆ ಸಿಗುತ್ತದೆ. ಏರ್‌ಬಸ್ ಎ320 ವಿಮಾನದ ಉದ್ದ 37.57 ಮೀಟರ್. ಪವಾಯಿ ಕೆರೆಯಿಂದ ರನ್‌ವೇ 27ಕ್ಕೆ ಇಳಿಯುವ ದಾರಿ ಸುಮಾರು ನಾಲ್ಕು ಕಿ.ಮೀ. ದೂರ. 300 ಮಿ.ಮೀ. ಲೆನ್ಸಿನಲ್ಲಿ ಆ ವಿಮಾನ ಸೆನ್ಸರಿನ ಮೇಲೆ ಮೂರು ಮಿ.ಮೀ.ಗೂ ಕಡಿಮೆ. ಸೆನ್ಸರಿನ ಅಗಲ 23.5 ಮಿ.ಮೀ. ಅಂದರೆ ಚೌಕಟ್ಟಿನ ಎಂಟನೇ ಒಂದು ಭಾಗ. 600 ಮಿ.ಮೀ. ಲೆನ್ಸ್ ತಂದರೂ ಕಾಲು ಭಾಗ. ಅದೇ 300ನ್ನು ಹಿಡಿದು ವಿಮಾನಕ್ಕೆ 600 ಮೀಟರ್ ಸಮೀಪ ಹೋದರೆ ಚೌಕಟ್ಟಿನ ಮುಕ್ಕಾಲಿಗಿಂತ ಹೆಚ್ಚು ತುಂಬುತ್ತದೆ. ವಿಮಾನಗಳು ತಲೆಯ ಮೇಲೆಯೇ ತಗ್ಗಿ ಹೋಗುವ ಘಾಟ್ಕೋಪರ್ ಕಡೆಗೆ ರಿಕ್ಷಾದಲ್ಲಿ ಹೋಗಿಬರುವ ಖರ್ಚು ದೊಡ್ಡ ಲೆನ್ಸಿನ ಬಡ್ಡಿಗೂ ಸಾಲದು.

2. ನಿಸರ್ಗಕ್ಕೆ ಕಿಟ್ ಲೆನ್ಸ್ ಸಾಕು, ಟ್ರೈಪಾಡ್ ಬೇಕು

ಎಫ್/2.8 ಲೆನ್ಸಿಗೆ ಕೊಡುವ ದುಡ್ಡು ಕತ್ತಲಿಗೆ ಕೊಡುವ ದುಡ್ಡು. ಕೆರೆ, ಗುಡ್ಡ, ಮೋಡ ತೆಗೆಯುವಾಗ ನೀವು ಹೇಗೂ ಎಫ್/8 ಅಥವಾ ಎಫ್/11ಕ್ಕೆ ಇಳಿಸುತ್ತೀರಿ. ಅಲ್ಲಿ ಅಗ್ಗದ ಲೆನ್ಸಿಗೂ ದುಬಾರಿಯದಕ್ಕೂ ಇರುವ ಅಂತರ ಬಹಳ ಕಿರಿದು. ಎಫ್/16 ದಾಟಬೇಡಿ, ಸಣ್ಣ ರಂಧ್ರದಲ್ಲಿ ಬೆಳಕು ಚದುರಿ ಚಿತ್ರ ಮೆತ್ತಗಾಗುತ್ತದೆ. ಆದಿ ಶಂಕರಾಚಾರ್ಯ ಮಾರ್ಗದ ದಂಡೆಯಲ್ಲಿ ಗಟ್ಟಿ ಟ್ರೈಪಾಡ್ ಇಟ್ಟು, ಐಎಸ್‌ಒ 100ರಲ್ಲಿ ಎರಡು ಸೆಕೆಂಡ್ ಟೈಮರ್ ಹಾಕಿ. ಇನ್ನೂ ಅಗಲ ಬೇಕೆನಿಸಿದರೆ ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ನಾಲ್ಕೈದು ಚಿತ್ರ ತೆಗೆದು ಜೋಡಿಸಿ. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಮ್ಯಾನ್ಯುಯಲ್‌ಗೆ ಹಾಕುವುದನ್ನು ಮರೆಯಬೇಡಿ.

3. ಕಟ್ಟಡಕ್ಕೆ ವೈಡ್ ಕೊಳ್ಳುವ ಮುನ್ನ ಹಿಂದೆ ಸರಿಯಿರಿ

ಎತ್ತರದ ಕಟ್ಟಡಕ್ಕೆ ಕ್ಯಾಮೆರಾ ಮೇಲೆತ್ತಿದ ಕೂಡಲೇ ಗೋಡೆಗಳು ಒಳಕ್ಕೆ ವಾಲುತ್ತವೆ. ನೆಟ್ಟಗೆ ಬರಬೇಕಾದರೆ ಕ್ಯಾಮೆರಾ ಮಟ್ಟಸವಾಗಿರಬೇಕು. 90 ಮೀಟರ್ ಎತ್ತರದ ಗೋಪುರವನ್ನು 18 ಮಿ.ಮೀ.ನಲ್ಲಿ ನಿಲುವಾಗಿ, ಮಟ್ಟಸವಾಗಿ ತೆಗೆಯಲು ಸುಮಾರು 140 ಮೀಟರ್ ದೂರ ನಿಲ್ಲಬೇಕು, 10 ಮಿ.ಮೀ.ನಲ್ಲಿ 77 ಮೀಟರ್ ಸಾಕು. ವೈಡ್ ಲೆನ್ಸ್ ನಿಮಗೆ ಕೊಡುವುದು ಈ ಅರವತ್ತು ಚಿಲ್ಲರೆ ಮೀಟರ್. ನಿಮ್ಮ ರಸ್ತೆಯಲ್ಲಿ ಅಷ್ಟು ಹಿಂದೆ ಸರಿಯಲು ಜಾಗವಿದ್ದರೆ ಅದನ್ನು ಕೊಳ್ಳುವ ಅಗತ್ಯವೇ ಇಲ್ಲ. ಜಾಗವಿಲ್ಲದಿದ್ದರೆ ಕ್ಯಾನನ್ 10-18 ಎಸ್‌ಟಿಎಂ, ನಿಕಾನ್ ಎಎಫ್-ಪಿ 10-20 ಇವೆರಡೂ ಹಗುರ, ಅಗ್ಗ. ಶಿಫ್ಟ್ ಲೆನ್ಸ್ ಈ ಕೆಲಸಕ್ಕೇ ಹುಟ್ಟಿದ್ದು, ಆದರೆ ಬೆಲೆ ನಿಮ್ಮ ಇಡೀ ಬ್ಯಾಗಿಗಿಂತ ಹೆಚ್ಚು. ಬದಲಿಗೆ ಕಟ್ಟಡದ ಸುತ್ತ ಜಾಗ ಬಿಟ್ಟು ತೆಗೆದು, ವಾಲಿದ ಗೆರೆಗಳನ್ನು ಸಾಫ್ಟ್‌ವೇರಿನಲ್ಲಿ ನೇರ ಮಾಡಿ.

4. ಮೊದಲ ಖರೀದಿ ಟೆಲಿ ಜೂಮ್ ಆಗಲಿ

ಒಂದೇ ಲೆನ್ಸ್ ಮೂರೂ ಕೆಲಸಕ್ಕೆ ಒದಗುವುದಾದರೆ ಅದು ಇದೇ. ಕ್ಯಾನನ್ 55-250 ಎಸ್‌ಟಿಎಂ ಅಥವಾ ನಿಕಾನ್ ಎಎಫ್-ಪಿ 70-300 ವಿಆರ್ ಹಿಡಿದು ಕೆರೆಯ ಆಚೆ ದಂಡೆಯ ಕಡೆಯಿಂದ ನೋಡಿ: ಬಿಡಿಬಿಡಿಯಾಗಿದ್ದ ಗೋಪುರಗಳು ಒಂದರ ಬೆನ್ನಿಗೊಂದು ಅಂಟಿ ಗೋಡೆಯಂತೆ ನಿಲ್ಲುತ್ತವೆ. ಹತ್ತಿರ ಬಂದರೆ ಕಂಬದ ತಲೆ, ಬಾಲ್ಕನಿಯ ಕಟಾಂಜನ, ಗುಮ್ಮಟದ ಅಂಚು. ಸಂಜೆ ಗುಡ್ಡದ ಪದರಗಳು. ಕರ್ನಾಟಕಕ್ಕೆ ಹೋದಾಗಲೂ ಇದೇ ಲೆನ್ಸ್ ಕೈಹಿಡಿಯುತ್ತದೆ. 1996ರಿಂದ ಯಲಹಂಕದಲ್ಲಿ ನಡೆಯುತ್ತಿರುವ ಏರೋ ಇಂಡಿಯಾದಲ್ಲಿ ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳು ಒಟ್ಟಿಗೆ ಬಂದಾಗ 300 ಬೇಕಾದಷ್ಟಾಯಿತು.

5. ಬಾಡಿಗೆ ಹೊಂದುತ್ತದೆಯೇ ನೋಡಿ

ಸ್ಟೆಬಿಲೈಸೇಷನ್ ಇಲ್ಲದ ಅಗ್ಗದ 70-300 ಲೆನ್ಸುಗಳೂ ಮಾರುಕಟ್ಟೆಯಲ್ಲಿವೆ. ಹೆಸರಿನಲ್ಲಿ ಐಎಸ್ ಅಥವಾ ವಿಆರ್ ಇದೆಯೇ ಓದಿ. ನಿಕಾನ್‌ನ ಎಎಫ್-ಪಿ ಲೆನ್ಸುಗಳು ಹಲವು ಹಳೆಯ ಬಾಡಿಗಳಲ್ಲಿ ಫೋಕಸ್ಸೇ ಆಗುವುದಿಲ್ಲ. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ಆದ್ದರಿಂದ ಹಳೆಯ ಎಎಫ್-ಡಿ ಲೆನ್ಸುಗಳನ್ನು ಕೈಯಿಂದಲೇ ತಿರುಗಿಸಬೇಕು. ಕಟ್ಟಡಕ್ಕೆ ಅದು ನಡೆದೀತು, ವಿಮಾನಕ್ಕೆ ನಡೆಯದು.

6. ವಿಮಾನಕ್ಕೆ ಲೆನ್ಸಿಗಿಂತ ಶಟರ್ ಮುಖ್ಯ

ಜೆಟ್ ವಿಮಾನಕ್ಕೆ 1/1000 ಸೆಕೆಂಡ್, ನಿರಂತರ ಫೋಕಸ್, ಬರ್ಸ್ಟ್. ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನಕ್ಕೆ ಇದೇ ವೇಗ ಇಟ್ಟರೆ ಪ್ರೊಪೆಲ್ಲರ್ ನಿಂತಂತಾಗಿ, ವಿಮಾನ ದಾರದಲ್ಲಿ ತೂಗಿಬಿಟ್ಟ ಆಟಿಕೆಯಂತೆ ಕಾಣುತ್ತದೆ. 1/250ಕ್ಕೆ ಇಳಿಸಿ, ಹೆಲಿಕಾಪ್ಟರಿಗೆ ಇನ್ನೂ ಕೆಳಗೆ. ಸೊಂಟದಿಂದ ತಿರುಗುತ್ತ ವಿಮಾನದ ಜೊತೆಗೇ ಸಾಗಿ, ಬಟನ್ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಬಿಳಿ ಆಕಾಶದೆದುರು ವಿಮಾನದ ಹೊಟ್ಟೆ ಕಪ್ಪಾಗುತ್ತದೆ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಏರಿಸಿ. ಹಗಲಿನಲ್ಲಿ ಎಫ್/6.3 ಧಾರಾಳ.

7. ಗಾಳಿ ಕೆಟ್ಟಿದ್ದರೆ ಯಾವ ಲೆನ್ಸೂ ಕೆಲಸ ಮಾಡದು

ಚಳಿಗಾಲದ ಮುಂಬಯಿಯ ಧೂಳುಮಂಜು, ಮಧ್ಯಾಹ್ನ ಡಾಂಬರಿನಿಂದೇಳುವ ಬಿಸಿಗಾಳಿ: ಇವೆರಡೂ ದೂರದ ಚಿತ್ರವನ್ನು ಕುದಿಸಿಬಿಡುತ್ತವೆ. ನಾಲ್ಕು ಕಿ.ಮೀ. ದೂರದ ವಿಮಾನ ಮೆತ್ತಗೆ ಬಂದರೆ ಲೆನ್ಸನ್ನು ಬಯ್ಯಬೇಡಿ. ಮಳೆ ಬಿಟ್ಟ ಗಂಟೆ, ಮುಂಜಾನೆ, ಮಳೆಗಾಲ ಮುಗಿದ ಹೊಸತು, ಈ ಹೊತ್ತುಗಳನ್ನು ಕಾಯ್ದರೆ ಅಗ್ಗದ ಲೆನ್ಸ್ ದುಬಾರಿಯದನ್ನು ಹಿಂದೆ ಹಾಕುತ್ತದೆ.

8. ಬೋರಾ ಬಜಾರಿಗೆ ಟಾರ್ಚ್ ಒಯ್ಯಿರಿ

ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೆದರಬೇಡಿ, ಆದರೆ ಬಾಡಿ, ಖಾಲಿ ಕಾರ್ಡ್, ಟಾರ್ಚ್ ಜೊತೆಗಿರಲಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆ ಪರವಾಗಿಲ್ಲ. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್, ಕೈಮುಗಿದು ಹೊರಡಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ, ಮೌಂಟಿನ ಪಿನ್ನುಗಳಲ್ಲಿ ತುಕ್ಕು, ಜೂಮ್ ತಿರುಗಿಸುವಾಗ ಸದ್ದು ಇವೆಯೇ ನೋಡಿ. ಆಮೇಲೆ ಪರೀಕ್ಷೆ. ಅಂಗಡಿಯಿಂದ ಹೊರಬಂದು ನಾಲ್ಕು ಹೆಜ್ಜೆ ಹಾಕಿದರೆ 1888ರಲ್ಲಿ ಮುಗಿದ, ಎಫ್.ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಲೆನ್ಸ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಕಲ್ಲಿನ ಗೋಡೆ ಬೇಡ. ಗೋಡೆಗೆ ಸರಿಯಾಗಿ ಎದುರು ನಿಂತು ಪೂರ್ತಿ ತೆರೆದ ಅಪರ್ಚರಿನಲ್ಲಿ ಒಂದು, ಎಫ್/8ರಲ್ಲಿ ಒಂದು ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿ ನಾಲ್ಕೂ ಮೂಲೆಯ ಕೆತ್ತನೆ ನೋಡಿ. ಎಲ್ಲ ಮೂಲೆಗಳೂ ಸಮನಾಗಿ ಮಸುಕಾದರೆ ಅದು ಆ ಲೆನ್ಸಿನ ಸ್ವಭಾವ. ಎಡಗಡೆ ಚೂಪು, ಬಲಗಡೆ ಮಸುಕು ಎಂದರೆ ಎಂದೋ ಬಿದ್ದಿರಬಹುದಾದ ಲೆನ್ಸ್.

9. ಮಳೆಗಾಲಕ್ಕೆ ಡಬ್ಬಿ, ಗೇಟಿಗೆ ವಿನಯ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನೊಳಗೇ ಕೂತ ಲೆನ್ಸ್ ಫಂಗಸ್ಸಿನ ಪಾಲು. ಡ್ರೈ ಕ್ಯಾಬಿನೆಟ್ ಕೊಳ್ಳಲಾಗದಿದ್ದರೆ ಅಡುಗೆಮನೆಯ ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಮತ್ತು ಒಂದು ಹೈಗ್ರೋಮೀಟರ್ ಹಾಕಿ, ತೇವಾಂಶ 40ರಿಂದ 50 ಶೇಕಡಾದಲ್ಲಿರಲಿ. ಎಸಿ ಕೋಣೆಯಿಂದ ಹೊರಗೆ ಒಯ್ಯುವಾಗ ಲೆನ್ಸನ್ನು ಸ್ವಲ್ಪ ಹೊತ್ತು ಬ್ಯಾಗಿನಲ್ಲೇ ಬಿಡಿ, ಇಲ್ಲವಾದರೆ ಗಾಜಿನ ಮೇಲೆ ಆವಿ ಕೂರುತ್ತದೆ. ಐಐಟಿ ಆವರಣವಾಗಲಿ ಖಾಸಗಿ ಕಾಂಪ್ಲೆಕ್ಸಾಗಲಿ, ಅನುಮತಿ ಕೇಳಿಯೇ ಒಳಹೋಗಿ. ಟ್ರೈಪಾಡ್ ಕಂಡರೆ ವಾಚ್‌ಮನ್ ಎದ್ದು ಬರುತ್ತಾನೆ. ಆಕಾಶದಲ್ಲಿರುವ ವಿಮಾನ ತೆಗೆಯಿರಿ. ವಿಮಾನ ನಿಲ್ದಾಣದ ಬೇಲಿ, ಭದ್ರತಾ ಠಾಣೆಗಳತ್ತ ಲೆನ್ಸ್ ತಿರುಗಿಸಬೇಡಿ.

ಕೊನೆಗೆ ದುಡ್ಡಿನ ಪಾಲು

ಕೈಯಲ್ಲಿ ನೂರು ರೂಪಾಯಿ ಇದೆ ಎಂದುಕೊಳ್ಳಿ. ಐವತ್ತು ಟೆಲಿ ಜೂಮ್‌ಗೆ, ಮೂವತ್ತು ಟ್ರೈಪಾಡಿಗೆ, ಹತ್ತು ಡಬ್ಬಿ, ಸಿಲಿಕಾ ಜೆಲ್, ಬ್ಲೋವರ್‌ಗೆ, ಉಳಿದ ಹತ್ತು ರಿಕ್ಷಾ-ಲೋಕಲ್ ಓಡಾಟಕ್ಕೆ. ವೈಡ್ ಲೆನ್ಸಿನ ಸರದಿ ಮುಂದಿನ ವರ್ಷ. ಅಷ್ಟರೊಳಗೆ ತೆಗೆದ ಚಿತ್ರಗಳಲ್ಲಿ ಎಷ್ಟು 18 ಮಿ.ಮೀ.ಗೇ ಬಂದು ನಿಂತಿವೆ ಎಂದು ಕಂಪ್ಯೂಟರಿನಲ್ಲಿ ನೋಡಿ. ಅರ್ಧದಷ್ಟಾದರೂ ಅಲ್ಲಿದ್ದರೆ ವೈಡ್ ಕೊಳ್ಳಿ. ಇಲ್ಲದಿದ್ದರೆ ದುಡ್ಡು ಬ್ಯಾಂಕಿನಲ್ಲೇ ಇರಲಿ.